ತೊಗಲು ಬೆಳ್ಳಿ, ತಿರುಳೇನು?

ಒಂದು 1918ರ ರೂಪಾಯಿ, ಇನ್ನೊಂದು 1944ರದು. ಎರಡರ ತೂಕವೂ 11.66 ಗ್ರಾಂ. ಒಂದರ ಮೇಲೆ ಐದನೆಯ ಜಾರ್ಜ್ ದೊರೆಯ ಮುಖ, ಇನ್ನೊಂದರ ಮೇಲೆ ಅವನ ಮಗ ಆರನೆಯ ಜಾರ್ಜನ ಮುಖ. ಗುಳೇದಗುಡ್ಡ, ಬಾದಾಮಿ, ಹುನಗುಂದದ ಕಡೆಯ ಹಳೆಯ ಮನೆಗಳಲ್ಲಿ ಇಂಥವು ದೇವರ ಜಗಲಿಯ ಮೇಲೋ ಟ್ರಂಕಿನ ತಳದಲ್ಲೋ ಒಂದೇ ಗಂಟಿನಲ್ಲಿ ಸಿಗುತ್ತವೆ. ಮನೆಯವರಿಗೆ ಎರಡೂ ‘ಬೆಳ್ಳಿ ರೂಪಾಯಿ’. ಆದರೆ ಮೊದಲನೆಯದರಲ್ಲಿ ಹನ್ನೆರಡು ಪಾಲಿಗೆ ಹನ್ನೊಂದು ಪಾಲು, ಅಂದರೆ 10.69 ಗ್ರಾಂ ಬೆಳ್ಳಿ ಇದೆ. ಎರಡನೆಯದರಲ್ಲಿ ಅರ್ಧಕ್ಕರ್ಧ, 5.83 ಗ್ರಾಂ ಮಾತ್ರ. ಉಳಿದದ್ದು ತಾಮ್ರ, ನಿಕ್ಕಲ್, ಸತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆಳ್ಳಿ ಸಾಲದೆ, 1940ರಿಂದ ಸರ್ಕಾರವೇ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು. 1946ರ ಹೊತ್ತಿಗೆ ಅದೂ ಹೋಯಿತು. 1947ರ ಹುಲಿ ಚಿತ್ರದ ರೂಪಾಯಿ ಪೂರ್ತಿ ನಿಕ್ಕಲ್, ಅಯಸ್ಕಾಂತ ತೋರಿಸಿದರೆ ಬಂದು ಅಂಟಿಕೊಳ್ಳುತ್ತದೆ.

ಖೋಟಾ ನಾಣ್ಯದ ಮಾತಲ್ಲ ಇದು. ಸರ್ಕಾರದ ಟಂಕಸಾಲೆಯಲ್ಲೇ ಹೊರಬಂದ ಎರಡು ನಾಣ್ಯಗಳ ಬೆಳ್ಳಿ ಇಷ್ಟು ಬೇರೆ. ಕೈಯಲ್ಲಿ ಹಿಡಿದರೆ ವ್ಯತ್ಯಾಸ ತಿಳಿಯದು, ಇಸವಿ ಓದಿದರೆ ಮಾತ್ರ ತಿಳಿಯುತ್ತದೆ. ಹಾಗಾಗಿ ಬೆಳ್ಳಿ ಕೊಳ್ಳುವವರು ಸರಾಫರ ಅಂಗಡಿಯ ಕಟ್ಟೆಯ ಮೇಲೆ ಕೂತು ‘ಇದು ಬೆಳ್ಳಿನೋ ಅಲ್ಲೋ’ ಎಂದು ಕೇಳಿದರೆ ಅರ್ಧ ಪ್ರಶ್ನೆ ಮಾತ್ರ ಕೇಳಿದಂತಾಯಿತು. ಇದರಲ್ಲಿ ಬೆಳ್ಳಿ ಎಷ್ಟು ಎನ್ನುವುದು ಉಳಿದರ್ಧ. ದುಡ್ಡು ಹೋಗುವುದು ಹೆಚ್ಚಾಗಿ ಆ ಅರ್ಧದಲ್ಲಿ.

ಈ ಸೀಮೆಯಲ್ಲಿ ಬೆಳ್ಳಿಯಿಲ್ಲದೆ ಮನೆತನದ ಕೆಲಸಗಳು ಸಾಗುವುದಿಲ್ಲ. ಮದುವೆಗೆ ಇಳಕಲ್ ಸೀರೆ, ಗುಳೇದಗುಡ್ಡದ ಖಣ ಹೇಗೋ, ಕಾಲುಂಗುರ, ಕಾಲಚೈನು, ಪೂಜೆಯ ತಂಬಿಗೆ, ಆರತಿ ತಟ್ಟೆಯೂ ಹಾಗೆ. ಕೂಸಿನ ತೊಟ್ಟಿಲ ಶಾಸ್ತ್ರಕ್ಕೆ ಬೆಳ್ಳಿ ಉಡದಾರ, ಕೈಗೆ ಕಡಗ. ಜಾತ್ರೆಯ ಕುಸ್ತಿಯಲ್ಲಿ ಗೆದ್ದ ಪೈಲವಾನನಿಗೆ ಬೆಳ್ಳಿ ಕಡಗ, ದೊಡ್ಡ ಕಣದಲ್ಲಾದರೆ ಬೆಳ್ಳಿ ಗದೆ. ಎಲ್ಲಕ್ಕಿಂತ ಹತ್ತಿರದ್ದು ಲಿಂಗವಂತರ ಎದೆಯ ಮೇಲಿನ ಕರಡಿಗೆ. ಇಷ್ಟಲಿಂಗ ಇಟ್ಟುಕೊಳ್ಳುವ ಈ ಪುಟ್ಟ ಬೆಳ್ಳಿ ಭರಣಿ ಅಜ್ಜನಿಂದ ಮೊಮ್ಮಗನಿಗೆ ಬರುವಷ್ಟು ಬಾಳಿಕೆಯದ್ದು. ಬಸವಣ್ಣನವರ ಐಕ್ಯಸ್ಥಳ ಕೂಡಲಸಂಗಮ ಇದೇ ಹುನಗುಂದದ ಸೀಮೆಯಲ್ಲಿರುವುದರಿಂದ ಕರಡಿಗೆ ಇಲ್ಲಿ ಬರೀ ಒಡವೆಯಲ್ಲ. ಅದನ್ನು ಮಾಡಿಕೊಟ್ಟ ಪತ್ತಾರನನ್ನು ‘ಇದರಲ್ಲಿ ಬೆಳ್ಳಿ ಎಷ್ಟು’ ಎಂದು ಕೇಳುವುದಕ್ಕೆ ಅನೇಕರಿಗೆ ಸಂಕೋಚ. ವ್ಯಾಪಾರದ ದೃಷ್ಟಿಯಿಂದ ನೋಡಿದರೆ ಈ ಸಂಕೋಚ ದುಬಾರಿ.

ಅಂಗಡಿಗಳಲ್ಲಿ ಈಗ ಎಲ್ಲರ ಬಾಯಲ್ಲೂ ಓಡಾಡುತ್ತಿರುವ ಸಂಖ್ಯೆ ‘925’. ಸ್ಟರ್ಲಿಂಗ್ ಸಿಲ್ವರ್ ಎಂದರೆ ಇದೇ. ಸಾವಿರ ಪಾಲಿನಲ್ಲಿ 925 ಪಾಲು ಬೆಳ್ಳಿ, ಉಳಿದ 75 ಪಾಲು ಸಾಮಾನ್ಯವಾಗಿ ತಾಮ್ರ. ಇಂಗ್ಲೆಂಡಿನ ಅಳತೆಯಿದು. ಅಲ್ಲಿ 1300ರಲ್ಲೇ ಒಂದನೆಯ ಎಡ್ವರ್ಡ್ ದೊರೆ ಬೆಳ್ಳಿ ಸಾಮಾನು ಈ ಮಟ್ಟಕ್ಕಿಂತ ಕೆಳಗಿರಬಾರದೆಂದು ಕಾನೂನು ಮಾಡಿ, ಪರೀಕ್ಷೆಯಾದ ಮಾಲಿನ ಮೇಲೆ ಚಿರತೆಯ ತಲೆಯ ಮುದ್ರೆ ಒತ್ತಿಸಿದ. ಅದೇ ಇಂಗ್ಲಿಷರು 1835ರ ನಂತರ ಭಾರತದಲ್ಲಿ ಹೊಡೆಸಿದ ರೂಪಾಯಿಗೆ ಇಟ್ಟ ಮಟ್ಟ ಮಾತ್ರ 917ರ ಆಸುಪಾಸು. ಅಂದರೆ ನಮ್ಮ ಅಜ್ಜಿಯರು ಸರ ಮಾಡಿ ಹಾಕಿಕೊಂಡ ರಾಣಿ ರೂಪಾಯಿ ಸ್ಟರ್ಲಿಂಗಿಗೆ ಕೂದಲೆಳೆಯಷ್ಟು ಕಡಿಮೆ, ಆದರೆ ಇವತ್ತು ಸಂತೆಯಲ್ಲಿ ಸಿಗುವ ಅನೇಕ ಕಾಲಚೈನುಗಳಿಗಿಂತ ಎಷ್ಟೋ ಮೇಲು.

ತಾಮ್ರ ಸೇರಿಸುವುದು ಮೋಸಕ್ಕಲ್ಲ. ಅಪ್ಪಟ ಬೆಳ್ಳಿ ತೀರಾ ಮೆದು. ಅದರಲ್ಲಿ ಮಾಡಿದ ಚಮಚ ಬಾಗುತ್ತದೆ, ಕಾಲಚೈನಿನ ಕೊಂಡಿ ಬಾಯಿ ಬಿಡುತ್ತದೆ, ಕರಡಿಗೆಯ ಮುಚ್ಚಳ ಸಡಿಲಾಗುತ್ತದೆ. ಸ್ವಲ್ಪ ತಾಮ್ರ ಬಿದ್ದರೆ ಗಟ್ಟಿ. ದೇವರ ಮುಂದಿಡುವ ನಾಣ್ಯ, ಗಟ್ಟಿ, ಬಟ್ಟಲುಗಳಿಗೆ 999 ಅಥವಾ 990 ನಡೆಯುತ್ತದೆ. ದಿನಾ ತೊಡುವುದಕ್ಕೆ, ಕೊರೆಯುವ ಕೆಲಸಕ್ಕೆ, ಹರಳು ಕೂರಿಸುವುದಕ್ಕೆ 925 ಒಳ್ಳೆಯದು. ಹಾಗಾಗಿ ‘925 ಅಂದರೆ ಕಲಬೆರಕೆ’ ಎನ್ನುವುದೂ ತಪ್ಪು, ‘925 ಅಂದರೆ ಅಪ್ಪಟ’ ಎನ್ನುವುದೂ ತಪ್ಪು. ಅದೊಂದು ಅಳತೆ. ಆ ಅಳತೆಯ ಮಾಲನ್ನು ಆ ಅಳತೆಯ ಬೆಲೆಗೇ ಕೊಟ್ಟರೆ ಯಾರದೂ ತಕರಾರಿಲ್ಲ. ಸರಾಫರು ತಮ್ಮತಮ್ಮಲ್ಲಿ ಇದನ್ನೇ ‘ಟಂಚ್’ ಎನ್ನುತ್ತಾರೆ. ಎಂಬತ್ತು ಟಂಚ್ ಅಂದರೆ ನೂರಕ್ಕೆ ಎಂಬತ್ತು ಬೆಳ್ಳಿ. ಗಿರಾಕಿಯೂ ಈ ಮಾತನ್ನೇ ಆಡಿದರೆ ಮಾತುಕತೆಯ ವರಸೆಯೇ ಬದಲಾಗುತ್ತದೆ.

ಕಲಬೆರಕೆಯ ಮಾತಿಗೆ ಬರುವ ಮುಂಚೆ, ಬೆಳ್ಳಿಯೇ ಅಲ್ಲದ ಬೆಳ್ಳಿಗಳನ್ನು ಒಂದು ಕಡೆ ತೆಗೆದಿಡಬೇಕು. ಮೊದಲ ಹೆಸರು ಜರ್ಮನ್ ಸಿಲ್ವರ್. ಹೆಸರಲ್ಲಿ ಸಿಲ್ವರ್ ಇದೆ, ಒಳಗೆ ಒಂದು ಗುಲಗಂಜಿಯಷ್ಟೂ ಬೆಳ್ಳಿಯಿಲ್ಲ. ತಾಮ್ರ, ನಿಕ್ಕಲ್, ಸತು ಮೂರೂ ಕೂಡಿದ ಮಿಶ್ರಲೋಹ ಅದು. ಚೀನಾದಿಂದ ಬರುತ್ತಿದ್ದ ಬಿಳಿ ಲೋಹವನ್ನು ನೋಡಿ ಜರ್ಮನರು 19ನೆಯ ಶತಮಾನದಲ್ಲಿ ತಾವೂ ಮಾಡಿದರು, ಆ ಹೆಸರೇ ಉಳಿಯಿತು. ಉಡುಗೊರೆಯ ಅರಿಶಿನ-ಕುಂಕುಮದ ಬಟ್ಟಲು, ಹೂವಿನ ಬುಟ್ಟಿ, ಆರತಿ ಸೆಟ್ಟುಗಳಲ್ಲಿ ಇದರದೇ ದರ್ಬಾರು. ಹೆಸರು ಹೇಳಿ ಮಾರಿದರೆ ತಪ್ಪೇನಿಲ್ಲ. ಆದರೆ ಕಾಲುಂಗುರವಾಗಿ ಹಾಕಿಕೊಂಡರೆ ಕೆಲವರ ಬೆರಳಿಗೆ ಕಡಿತ, ಗುಳ್ಳೆ ಬರುತ್ತದೆ. ಅದಕ್ಕೆ ಕಾರಣ ನಿಕ್ಕಲ್. ಎರಡನೆಯದು ಗಿಲೀಟು. ಹಿತ್ತಾಳೆಯ ಅಥವಾ ತಾಮ್ರದ ಸಾಮಾನಿಗೆ ವಿದ್ಯುತ್ತಿನಿಂದ ಬೆಳ್ಳಿಯ ತೆಳು ಪದರ ಹಿಡಿಸುವುದು. ಮೈ ಪೂರ್ತಿ ಬೆಳ್ಳಿಯೇ, ಆದರೆ ಅದು ತೊಗಲು ಮಾತ್ರ. ಹೆಚ್ಚು ತಿಕ್ಕಾಟ ಆಗುವ ಕಡೆ, ಅಂದರೆ ತಟ್ಟೆಯ ಅಡಿ, ತಂಬಿಗೆಯ ಕಂಠ, ದೀಪದ ಸಮೆಯ ಪಾದದ ಅಂಚಿನಲ್ಲಿ ಎರಡು ಮೂರು ವರ್ಷಕ್ಕೆ ಹಳದಿ ಇಣುಕುತ್ತದೆ. ಹಳೆಯ ಸಾಮಾನು ಕೊಳ್ಳುವಾಗ ಕಣ್ಣು ಮೊದಲು ಅಲ್ಲಿಗೆ ಹೋಗಬೇಕು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳು ಎಂದು ಹತ್ತಾರು ಓಡಾಡುತ್ತಿವೆ. ಹೆಚ್ಚಿನವು ಅರ್ಧ ಸತ್ಯ. ಅಯಸ್ಕಾಂತದ್ದನ್ನೇ ನೋಡಿ. ಬೆಳ್ಳಿ ಅಯಸ್ಕಾಂತಕ್ಕೆ ಅಂಟುವುದಿಲ್ಲ, ನಿಜ. ಆದರೆ ತಾಮ್ರ, ಹಿತ್ತಾಳೆ, ಸೀಸ, ಅಲ್ಯೂಮಿನಿಯಂ, ಜರ್ಮನ್ ಸಿಲ್ವರ್, ಇವು ಯಾವುವೂ ಅಂಟುವುದಿಲ್ಲ. ಅಂಟಿದರೆ ಬೆಳ್ಳಿ ಅಲ್ಲ, ಅಷ್ಟೇ. ಅಂಟದಿದ್ದರೆ ಏನೂ ಸಾಬೀತಾಗಲಿಲ್ಲ. ಅದೂ ಕಾಲಚೈನಿನ ಕೊಕ್ಕೆಯ ಒಳಗಿನ ಪುಟ್ಟ ಸ್ಪ್ರಿಂಗ್ ಉಕ್ಕಿನದಾಗಿದ್ದರೆ, ಒಳ್ಳೆಯ ಚೈನೂ ಆ ಒಂದು ಜಾಗದಲ್ಲಿ ಅಂಟುತ್ತದೆ. ಮಂಜುಗಡ್ಡೆಯ ಪರೀಕ್ಷೆಯೂ ಇದೇ ಜಾತಿಯದು. ಲೋಹಗಳಲ್ಲೆಲ್ಲ ಶಾಖವನ್ನು ಬೇಗ ಸಾಗಿಸುವುದು ಬೆಳ್ಳಿ, ಹಾಗಾಗಿ ಬೆಳ್ಳಿ ತಟ್ಟೆಯ ಮೇಲೆ ಮಂಜು ಬೇಗ ಕರಗುತ್ತದೆ. ತಾಮ್ರವೂ ಹೆಚ್ಚು ಹಿಂದಿಲ್ಲ. ತಾಮ್ರದ ತಟ್ಟೆಗೆ ಗಿಲೀಟು ಮಾಡಿದ್ದರೆ ಮಂಜಿಗೆ ಅದರ ಗುಟ್ಟು ಸಿಗದು.

ಕಪ್ಪಾಗುವುದರ ಬಗ್ಗೆ ಇರುವ ನಂಬಿಕೆ ಮಾತ್ರ ಪೂರಾ ತಲೆಕೆಳಗು. ‘ಕರ್ರಗಾತು, ಕಲಬೆರಕಿ ಇರಬೇಕು’ ಎಂದು ಅಂಗಡಿಗೆ ವಾಪಸು ತರುವವರಿದ್ದಾರೆ. ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಯ ಜೊತೆ ಕೂಡಿ ಕಪ್ಪು ಪದರವಾಗುತ್ತದೆ. ಬೆವರು, ಮೊಟ್ಟೆ, ಉಣ್ಣೆ ಬಟ್ಟೆ, ರಬ್ಬರ್ ಬ್ಯಾಂಡು ತಾಗಿದರೆ ಇನ್ನೂ ಬೇಗ. ಕಪ್ಪಾಗುವುದು ಬೆಳ್ಳಿಯ ಗುಣ. ತಾಮ್ರ ಹೆಚ್ಚಿದ್ದಷ್ಟೂ ಬಣ್ಣ ಬೇಗ ಕೆಡುತ್ತದೆ ಎನ್ನುವುದೂ ನಿಜ, ಆದರೆ ಎಷ್ಟೋ ಹೊಸ 925 ಒಡವೆಗಳಿಗೆ ಮೇಲೆ ರೋಡಿಯಂ ಪದರ ಕೊಟ್ಟಿರುವುದರಿಂದ ಅವು ವರ್ಷಗಟ್ಟಲೆ ಕಪ್ಪಾಗದೆಯೂ ಇರಬಹುದು. ಕಪ್ಪನ್ನು ನೋಡಿ ಟಂಚ್ ಹೇಳುವುದಕ್ಕಾಗದು. ಹಸಿರು ಕಿಲುಬು ಕಂಡರೆ ಮಾತ್ರ ಅನುಮಾನ ಪಡಬೇಕು, ತಾಮ್ರ ಜಾಸ್ತಿಯಿದೆ ಎಂದು ಅರ್ಥ.

ಕಪ್ಪು ತೆಗೆಯಲು ಇಲ್ಲಿಯ ಮನೆಗಳಲ್ಲಿ ಪುಡಿ ವಿಭೂತಿಯೇ ಸಾಕು. ಬಾದಾಮಿಯ ಹತ್ತಿರ ಮಲಪ್ರಭೆಯ ದಂಡೆಯಲ್ಲಿ ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಕಟ್ಟಿದ ಶಿವಯೋಗಮಂದಿರದ ವಿಭೂತಿಗೆ ಊರೂರಲ್ಲಿ ಹೆಸರಿದೆ. ಆಕಳ ಸಗಣಿಯ ಆ ನಯವಾದ ಬೂದಿ, ಗೀರು ಬೀಳದಂತೆ ಕಪ್ಪನ್ನು ಮಾತ್ರ ತಿಕ್ಕಿ ತೆಗೆಯುತ್ತದೆ. ಆದರೂ ಬಟ್ಟೆಗೆ ಹತ್ತಿದ ಕಪ್ಪು, ಹೋದ ಬೆಳ್ಳಿಯೇ. ವಾರಕ್ಕೊಮ್ಮೆ ತಿಕ್ಕಿ ಹೊಳೆಸುವ ತಂಬಿಗೆ ಮೂವತ್ತು ವರ್ಷದಲ್ಲಿ ಎಷ್ಟೋ ಕೆತ್ತನೆ ಕಳೆದುಕೊಂಡಿರುತ್ತದೆ. ಗಿಲೀಟು ಸಾಮಾನಿಗೆ ಅಷ್ಟು ಕಾಲ ಬೇಕಾಗಿಲ್ಲ, ತಿಕ್ಕಿದಷ್ಟೂ ತನ್ನ ಬಣ್ಣ ತಾನೇ ಬಿಡುತ್ತದೆ.

ಮನೆಯ ಪರೀಕ್ಷೆಗಳಲ್ಲಿ ನಂಬಿಕೆಗೆ ಯೋಗ್ಯವಾದದ್ದು ನೀರಿನದು. ಅಡುಗೆಮನೆಯ ಡಿಜಿಟಲ್ ತಕ್ಕಡಿ, ಒಂದು ಲೋಟ ನೀರು, ಗಟ್ಟಿ ದಾರ, ಇಷ್ಟು ಸಾಕು. ತಕ್ಕಡಿ ಹತ್ತನೆಯ ಒಂದು ಗ್ರಾಮಿನವರೆಗೆ ತೋರಿಸುವಂಥದ್ದಾಗಿರಬೇಕು. ಮೊದಲು ಸಾಮಾನಿನ ತೂಕ ನೋಡಬೇಕು. ಆಮೇಲೆ ನೀರಿನ ಲೋಟವನ್ನು ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆಗೆ ತಂದು, ಸಾಮಾನನ್ನು ದಾರಕ್ಕೆ ಕಟ್ಟಿ ಪೂರ್ತಿ ಮುಳುಗುವಂತೆ ನೀರಿನಲ್ಲಿ ಇಳಿಬಿಡಬೇಕು. ತಳಕ್ಕೆ, ಬದಿಗೆ ತಾಗಬಾರದು. ಆಗ ತಕ್ಕಡಿ ತೋರಿಸುವ ಗ್ರಾಂ, ಆ ಸಾಮಾನು ಪಕ್ಕಕ್ಕೆ ಸರಿಸಿದ ನೀರಿನ ತೂಕ. ಸಾಮಾನಿನ ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ ಬಂತು. ಅಪ್ಪಟ ಬೆಳ್ಳಿಗೆ 10.49, ಸ್ಟರ್ಲಿಂಗಿಗೆ 10.36ರ ಆಸುಪಾಸು, ತಾಮ್ರಕ್ಕೆ 8.96, ಹಿತ್ತಾಳೆ ಮತ್ತು ಜರ್ಮನ್ ಸಿಲ್ವರಿಗೆ ಎಂಟೂವರೆಯ ಅಕ್ಕಪಕ್ಕ. ನೂರು ಗ್ರಾಮಿನ ಗಟ್ಟಿ ಕಡಗ ಸ್ಟರ್ಲಿಂಗ್ ಆಗಿದ್ದರೆ ತಕ್ಕಡಿ 9.7 ಎಂದು ತೋರಿಸುತ್ತದೆ, ಜರ್ಮನ್ ಸಿಲ್ವರ್ ಆಗಿದ್ದರೆ 11.6 ದಾಟುತ್ತದೆ. ಸುಳ್ಳು ಬೆಳ್ಳಿ ಅಲ್ಲೇ ಸಿಕ್ಕಿಬಿತ್ತು.

ಆದರೆ ಇದಕ್ಕೂ ಮಿತಿಯಿದೆ. ಅದೇ ಕಡಗ ನೂರಕ್ಕೆ ಅರವತ್ತೈದು ಬೆಳ್ಳಿ, ಉಳಿದದ್ದು ತಾಮ್ರ ಆಗಿದ್ದರೆ ತಕ್ಕಡಿ ತೋರಿಸುವುದು 10.1. ಒಳ್ಳೆಯದಕ್ಕೂ ಇದಕ್ಕೂ ನಡುವೆ ಅರ್ಧ ಗ್ರಾಮೂ ಇಲ್ಲ. ಚೈನಿನ ಕೊಂಡಿಗಳ ಸಂದಿಯಲ್ಲಿ ಸಿಕ್ಕ ನಾಲ್ಕು ಗಾಳಿಗುಳ್ಳೆ ಇಡೀ ಲೆಕ್ಕವನ್ನೇ ಕೆಡಿಸಬಲ್ಲದು. ಪೊಳ್ಳು ಸಾಮಾನಿಗಂತೂ ಈ ಪರೀಕ್ಷೆ ನಡೆಯುವುದೇ ಇಲ್ಲ. ಬೆಳ್ಳಿಯೋ ಅಲ್ಲವೋ ಎಂದು ನೀರು ಹೇಳುತ್ತದೆ, ಎಷ್ಟು ಬೆಳ್ಳಿ ಎಂದು ಹೇಳುವಾಗ ತಡವರಿಸುತ್ತದೆ.

ಅದನ್ನು ಹೇಳಬೇಕಾದವನು ಪತ್ತಾರ. ಅವನ ಒರೆಗಲ್ಲು ಕರಿಯ, ನುಣುಪು ಕಲ್ಲು. ಸಾಮಾನನ್ನು ಅದರ ಮೇಲೆ ಉಜ್ಜಿ ಒಂದು ಗೆರೆ ಎಳೆಯುತ್ತಾನೆ, ಪಕ್ಕದಲ್ಲೇ ಟಂಚ್ ಗೊತ್ತಿರುವ ಬೆಳ್ಳಿಯ ಗೆರೆ ಎಳೆಯುತ್ತಾನೆ. ಎರಡನ್ನೂ ಬೆಳಕಿಗೆ ಹಿಡಿದರೆ ಒಳ್ಳೆಯ ಬೆಳ್ಳಿಯ ಗೆರೆ ಬೆಳ್ಳಗೆ, ತಾಮ್ರ ಹೆಚ್ಚಿದ್ದದ್ದು ಸ್ವಲ್ಪ ಕೆಂಪಾಗಿ ಕಾಣುತ್ತದೆ. ಅದರ ಮೇಲೆ ನೈಟ್ರಿಕ್ ಆಮ್ಲದಲ್ಲಿ ಪೊಟ್ಯಾಸಿಯಂ ಡೈಕ್ರೋಮೇಟ್ ಕರಗಿಸಿದ ದ್ರಾವಣದ ಒಂದು ಹನಿ ಬಿಟ್ಟರೆ, ಬೆಳ್ಳಿಯಿದ್ದ ಕಡೆ ರಕ್ತಗೆಂಪು ಬಣ್ಣ ಏಳುತ್ತದೆ. ಬೆಳ್ಳಿ ಕಡಿಮೆಯಾದಂತೆ ಕೆಂಪು ಮಾಸುತ್ತ, ಕಂದಾಗುತ್ತ ಹೋಗುತ್ತದೆ. ಬರೀ ನೈಟ್ರಿಕ್ ಆಮ್ಲ ಹಾಕಿದರೂ ತಾಮ್ರದ ಮಾಲು ಹಸಿರಾಗಿ ನೊರೆ ಬಿಡುತ್ತದೆ. ಇದು ಮನೆಯಲ್ಲಿ ಮಾಡುವ ಕೆಲಸವಲ್ಲ. ಆ ಆಮ್ಲ ಚರ್ಮ ಸುಡುತ್ತದೆ, ಅದರ ಹೊಗೆ ಎದೆಗೆ ಕೆಟ್ಟದ್ದು.

ಒರೆಗಲ್ಲಿಗೂ ಒಂದು ಕಣ್ಕಟ್ಟು ಇದೆ, ಬೆಳ್ಳಿ ವ್ಯಾಪಾರದ ಅತಿ ಹಳೆಯ ಗುಟ್ಟುಗಳಲ್ಲಿ ಅದೊಂದು. ತಾಮ್ರ ಹೆಚ್ಚಿರುವ ಬೆಳ್ಳಿಯನ್ನು ಬೆಂಕಿಯಲ್ಲಿ ಕಾಯಿಸಿದಾಗ ಮೇಲ್ಮೈಯ ತಾಮ್ರ ಗಾಳಿಯೊಡನೆ ಕೂಡಿ ಕರ್ರಗಾಗುತ್ತದೆ. ಅದನ್ನು ಹುಣಸೆಹುಳಿಯ ನೀರಿನಲ್ಲೋ ಪಟಕದ ನೀರಿನಲ್ಲೋ ಕುದಿಸಿದರೆ ಆ ಕರಿ ಬಿಟ್ಟುಹೋಗುತ್ತದೆ, ಬೆಳ್ಳಿ ಮಾತ್ರ ಹಾಗೇ ಉಳಿಯುತ್ತದೆ. ಹೀಗೆ ನಾಲ್ಕಾರು ಸಲ ಮಾಡಿದರೆ ಅರವತ್ತು ಟಂಚಿನ ಸಾಮಾನಿಗೂ ತೊಂಬತ್ತೈದು ಟಂಚಿನ ತೊಗಲು ಬರುತ್ತದೆ. ಇದು ಗಿಲೀಟಲ್ಲ, ಹೊರಗಿನಿಂದ ಏನನ್ನೂ ಹಚ್ಚಿಲ್ಲ. ಒಳಗಿನ ತಾಮ್ರವನ್ನೇ ಮೇಲ್ಪದರದಿಂದ ಹೊರಹಾಕಿದ್ದು. ಹೊಸ ಒಡವೆಗೆ ಬಿಳುಪು ಕೊಡಲು ಪ್ರಾಮಾಣಿಕ ಪತ್ತಾರರೂ ಇದನ್ನು ಒಂದು ಸಲ ಮಾಡುತ್ತಾರೆ. ಹಾಗಾಗಿ ಮೇಲೆಮೇಲೆ ಉಜ್ಜಿ ಎಳೆದ ಗೆರೆಗೆ ಬೆಲೆಯಿಲ್ಲ. ಕಾಣದ ಜಾಗದಲ್ಲಿ ಅರದಿಂದ ಸ್ವಲ್ಪ ತೆಗೆದು, ಆ ಗಾಯದ ಜಾಗವನ್ನು ಕಲ್ಲಿಗೆ ಉಜ್ಜಿದರೆ ಮಾತ್ರ ತಿರುಳಿನ ಗೆರೆ ಬೀಳುತ್ತದೆ. ಕಡಗದ ಒಳಮೈ, ಕರಡಿಗೆಯ ಮುಚ್ಚಳದ ಒಳಅಂಚು, ತಟ್ಟೆಯ ಅಡಿಯ ಬಳೆ, ಅರ ಇಡಬೇಕಾದ ಜಾಗಗಳು ಇವು. ‘ಅರಾ ಹಚ್ಚಬ್ಯಾಡ್ರಿ, ಮಾಲು ಕೆಡತೈತಿ’ ಎನ್ನುವ ಅಂಗಡಿಕಾರನ ಮಾತಿನಲ್ಲಿ ಸ್ವಲ್ಪ ನಿಜವೂ ಇರಬಹುದು. ಆದರೂ ದೊಡ್ಡ ತೂಕದ ಸಾಮಾನಾದರೆ ಒಪ್ಪಿಕೊಳ್ಳದಿರುವುದೇ ಸರಿ.

ಈ ಆಟಗಳು ಇವತ್ತಿನವಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಓಲೆಗರಿಗಳಲ್ಲಿ ಕಂಡು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಚಿನ್ನ-ಬೆಳ್ಳಿಯ ಮೇಲ್ವಿಚಾರಣೆಗೇ ಅಧ್ಯಾಯಗಳಿವೆ. ಬಿಳುಪು, ನುಣುಪು, ಮೆದುತನ ಒಳ್ಳೆಯ ಬೆಳ್ಳಿಯ ಲಕ್ಷಣವೆಂದೂ, ಕೆಟ್ಟದ್ದನ್ನು ಸೀಸ ಸೇರಿಸಿ ಶುದ್ಧಿ ಮಾಡಬೇಕೆಂದೂ ಅಲ್ಲಿದೆ. ಸುಳ್ಳು ತಕ್ಕಡಿ, ಕದ್ದು ಬದಲಾಯಿಸುವುದು, ಮೇಲೊಂದು ಒಳಗೊಂದು ಲೋಹ ಇಡುವುದು, ಪೊಳ್ಳಿನಲ್ಲಿ ಬೇರೆ ಏನಾದರೂ ತುಂಬುವುದು, ಹೀಗೆ ಕೈಚಳಕಗಳ ಪಟ್ಟಿಯನ್ನೂ ಆತ ಕೊಟ್ಟಿದ್ದಾನೆ. ಬರೆದವನು ಅಂಗಡಿಯ ಒಳಗೆ ಕೂತು ನೋಡಿದವನ ಹಾಗೆಯೇ ಬರೆದಿದ್ದಾನೆ.

ಪೊಳ್ಳಿನಲ್ಲಿ ತುಂಬುವುದು ಇಂದಿಗೂ ಉಂಟು, ಮತ್ತು ಅದು ಯಾವಾಗಲೂ ಮೋಸವೇ ಆಗಿರಬೇಕಿಲ್ಲ. ತೆಳು ತಗಡಿನ ಕಡಗ, ದೇವರ ಮುಖ, ಛತ್ರಿಯ ಹಿಡಿ ತಗ್ಗು ಬೀಳದಿರಲೆಂದು ಒಳಗೆ ಅರಗು ತುಂಬುತ್ತಾರೆ. ಸಮೆಯ ಪಾದಕ್ಕೆ ಭಾರ ಬರಲೆಂದು ಬೇರೆ ಲೋಹವನ್ನೂ ಹಾಕುವುದುಂಟು. ಆ ತೂಕವನ್ನೂ ಬೆಳ್ಳಿಯ ದರದಲ್ಲಿ ಕೂಡಿಸಿ ಬಿಲ್ಲು ಬರೆದರೆ ಮಾತ್ರ ಅದು ಮೋಸ. ಕಾಲಚೈನಿನ ಕಥೆ ಬೇರೆ. ಕರ್ನಾಟಕದ ಗಡಿಗೆ ಹತ್ತಿಕೊಂಡಿರುವ ಕೊಲ್ಲಾಪುರ ಜಿಲ್ಲೆಯ ಹುಪರಿ, ದೂರದ ಸೇಲಂ, ಎರಡೂ ಇದಕ್ಕೆ ಹೆಸರಾದ ಊರುಗಳು. ಒಂದು ಚೈನಿಗೆ ನೂರಾರು ಕೊಂಡಿ, ಗೆಜ್ಜೆ, ಪ್ರತಿಯೊಂದಕ್ಕೂ ಬೆಸುಗೆ. ಬೆಸುಗೆ ಬೇಗ ಕರಗಬೇಕಾದರೆ ಅದರಲ್ಲಿ ತಾಮ್ರ, ಸತು ಇರಲೇಬೇಕು. ಹೀಗಾಗಿ ತಂತಿ ಎಷ್ಟೇ ಒಳ್ಳೆಯದಿದ್ದರೂ ಇಡೀ ಚೈನಿನ ಟಂಚ್ ತಂತಿಯ ಟಂಚಿಗಿಂತ ಕೆಳಗಿರುತ್ತದೆ. ಕೊಂಡಿಯ ಮೇಲೆ ‘925’ ಎಂದು ಒತ್ತಿದ್ದರೆ ಆ ಕೊಂಡಿಯ ಮಟ್ಟಿಗೆ ಅದು ನಿಜವಿರಬಹುದು, ಗೆಜ್ಜೆಯ ಗೊಂಚಲಿಗೆ ನಿಜವಾಗಬೇಕಿಲ್ಲ.

ಇಲ್ಲಿಗೆ ಮುದ್ರೆಯ ಮಾತು ಬಂತು. ಬರೀ ‘925’ ಎನ್ನುವ ಅಂಕಿಗೆ ಎಷ್ಟು ಬೆಲೆ? ಒತ್ತಿದವನ ಮಾತಿಗೆ ಎಷ್ಟು ಬೆಲೆಯೋ ಅಷ್ಟೇ. ಮೂರು ಅಂಕಿಯ ಉಕ್ಕಿನ ಪಂಚು ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಬೇಕಾಗಿರುವುದು ಭಾರತೀಯ ಮಾನಕ ಬ್ಯೂರೋದ, ಅಂದರೆ ಬಿಐಎಸ್‌ನ ಹಾಲ್‌ಮಾರ್ಕ್. ಮಾರುವವನೂ ಅಲ್ಲದ, ಕೊಳ್ಳುವವನೂ ಅಲ್ಲದ ಮೂರನೆಯವನು ಪರೀಕ್ಷೆ ಮಾಡಿ ಒತ್ತುವ ಮುದ್ರೆ ಅದು. ಬೆಳ್ಳಿಗೆ ಇದು 2005ರಿಂದ ಇದೆ, ಆದರೆ ಕಡ್ಡಾಯವಾಗಿರಲಿಲ್ಲ. 2021ರ ಜೂನ್‌ನಲ್ಲಿ ಚಿನ್ನಕ್ಕೆ ಹಾಲ್‌ಮಾರ್ಕ್ ಕಡ್ಡಾಯವಾಗತೊಡಗಿದಾಗಲೂ ಬೆಳ್ಳಿಯನ್ನು ಹೊರಗಿಟ್ಟರು. 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿಗೂ ಚಿನ್ನದಂತೆಯೇ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಗುರುತು ಬಂತು, ಇಷ್ಟವಿದ್ದವರು ಮಾಡಿಸಿಕೊಳ್ಳಲಿ ಎನ್ನುವ ಷರತ್ತಿನ ಮೇಲೆ. ಹೊಸ ಮಾನಕದಲ್ಲಿ 800, 835, 925, 958, 970, 990, 999 ಎಂಬ ಏಳು ಮಟ್ಟಗಳಿವೆ.

ಹೀಗೆ ಮುದ್ರೆ ಬಿದ್ದ ಸಾಮಾನನ್ನು ಭೂತಗನ್ನಡಿಯಲ್ಲಿ ನೋಡಿದರೆ ಬಿಐಎಸ್‌ನ ತ್ರಿಕೋನದ ಚಿಹ್ನೆ, ಇಂಗ್ಲಿಷಿನಲ್ಲಿ ಬರೆದ ‘ಸಿಲ್ವರ್’ ಎಂಬ ಪದ, ಮಟ್ಟದ ಸಂಖ್ಯೆ, ಎಚ್‌ಯುಐಡಿ ಕಾಣುತ್ತವೆ. ಎಚ್‌ಯುಐಡಿಯ ಆ ಆರು ಅಕ್ಷರ-ಅಂಕಿಗಳನ್ನು ಮೊಬೈಲಿನ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿದರೆ ಆ ಸಾಮಾನು ಯಾವ ಬಗೆಯದು, ಟಂಚ್ ಎಷ್ಟು, ಯಾರು ಪರೀಕ್ಷೆ ಮಾಡಿದ್ದು, ಯಾವ ಅಂಗಡಿಯವರು ಮಾಡಿಸಿದ್ದು ಎನ್ನುವ ವಿವರ ಬರುತ್ತದೆ. ಕೈಯಲ್ಲಿರುವುದು ಕಾಲಚೈನು, ಆ್ಯಪ್ ತೋರಿಸುವುದು ಉಂಗುರ ಎಂದಾದರೆ ಆ ಗುರುತು ಎಲ್ಲಿಂದಲೋ ನಕಲು ಮಾಡಿದ್ದು. ಅಂಗಡಿಯ ಕಟ್ಟೆ ಇಳಿಯುವ ಮೊದಲೇ, ಎರಡು ನಿಮಿಷ ಅಲ್ಲೇ ಕೂತು ನೋಡಿಕೊಳ್ಳುವುದು ಒಳ್ಳೆಯದು.

ದೊಡ್ಡ ಅಂಗಡಿಗಳಲ್ಲಿ ಎಕ್ಸ್-ರೇ ಯಂತ್ರವೂ ಇರುತ್ತದೆ. ಸಾಮಾನನ್ನು ಒಳಗಿಟ್ಟು ಗುಂಡಿ ಒತ್ತಿದರೆ ಅರೆನಿಮಿಷದಲ್ಲಿ ಬೆಳ್ಳಿ ಇಷ್ಟು, ತಾಮ್ರ ಇಷ್ಟು, ಸತು ಇಷ್ಟು ಎಂದು ಚೀಟಿ ಬರುತ್ತದೆ. ಗಿರಾಕಿಗೆ ಅದು ದೊಡ್ಡ ಪ್ರಮಾಣಪತ್ರದಂತೆ ಕಾಣುವುದು ಸಹಜ. ಆದರೆ ಈ ಯಂತ್ರದ ಕಣ್ಣು ಒಂದು ತಲೆಗೂದಲಿನ ದಪ್ಪಕ್ಕಿಂತ ಒಳಗೆ ಇಳಿಯುವುದಿಲ್ಲ. ದಪ್ಪ ಗಿಲೀಟಿನ ಸಾಮಾನನ್ನೂ, ಹುಣಸೆಹುಳಿಯಲ್ಲಿ ಬೆಂದ ತೊಗಲನ್ನೂ ಅದು ಬೆಳ್ಳಿಯೆಂದೇ ಓದುತ್ತದೆ. ಅರ ಇಟ್ಟ ಜಾಗದಲ್ಲಿ, ಬೆಸುಗೆಯ ಮೇಲೆ, ಬೇರೆ ಬೇರೆ ಮೂರು ಕಡೆ ಓದಿಸಿದರೆ ಅದರ ಮಾತಿಗೆ ತೂಕ ಬರುತ್ತದೆ. ಕೊನೆಯ ತೀರ್ಮಾನ ಪರೀಕ್ಷಾ ಕೇಂದ್ರದ ರಾಸಾಯನಿಕ ಪರೀಕ್ಷೆಯದ್ದು. ಸಾಮಾನಿನಿಂದ ಕೆರೆದ ಚೂರನ್ನು ನೈಟ್ರಿಕ್ ಆಮ್ಲದಲ್ಲಿ ಪೂರ್ತಿ ಕರಗಿಸಿ, ಬಲ ಗೊತ್ತಿರುವ ಇನ್ನೊಂದು ದ್ರಾವಣವನ್ನು ಹನಿಹನಿಯಾಗಿ ಬಿಟ್ಟು, ಬೆಳ್ಳಿ ಪೂರ್ತಿ ಮುಗಿಯುವವರೆಗೆ ಎಷ್ಟು ಹಿಡಿಯಿತು ಎಂದು ಅಳೆಯುತ್ತಾರೆ. ಪ್ಯಾರಿಸ್ಸಿನ ಟಂಕಸಾಲೆಗಾಗಿ 1830ರ ದಶಕದಲ್ಲಿ ಗೇ-ಲ್ಯುಸಾಕ್ ಇದನ್ನು ಮಾಡಿದ್ದು ಬರೀ ಉಪ್ಪಿನ ನೀರಿನಿಂದ. ಕರಗಿದ ಬೆಳ್ಳಿಗೆ ಉಪ್ಪು ತಾಗಿದ ಕೂಡಲೇ ಹಾಲು ಒಡೆದಂತೆ ಬೆಳ್ಳನೆ ಗಸಿ ಕೂರುತ್ತದೆ.

ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಕೇ ಎಂದರೆ, ದರ ನೋಡಿ. 2025ರಲ್ಲಿ ಬೆಳ್ಳಿ ಕಿಲೋಗೆ ಒಂದೂವರೆ ಲಕ್ಷವನ್ನೂ ದಾಟಿ ಓಡಿತು. ಲೆಕ್ಕಕ್ಕೆ ಸುಲಭವಾಗಲೆಂದು ಗ್ರಾಮಿಗೆ 150 ರೂಪಾಯಿ ಎಂದೇ ಹಿಡಿಯೋಣ. ನೂರು ಗ್ರಾಮಿನ ಕಾಲಚೈನು 925 ಆಗಿದ್ದರೆ ಅದರೊಳಗಿನ ಬೆಳ್ಳಿಯ ಬೆಲೆ 13,875 ರೂಪಾಯಿ. ಅರವತ್ತೈದು ಟಂಚಿನದಾದರೆ 9,750. ಒಂದು ಜೊತೆ ಚೈನಿನಲ್ಲಿ 4,125 ರೂಪಾಯಿ ಹೆಚ್ಚುಕಡಿಮೆ. ಪೂರ್ತಿ ದರ ಹಿಡಿದು ಬಿಲ್ಲು ಬರೆದಿದ್ದರೆ ನಷ್ಟ 5,250. ಅದರ ಮೇಲೆ ಮಜೂರಿ, ಅದರ ಮೇಲೆ ಜಿಎಸ್‌ಟಿ.

ತೂಕದಲ್ಲೂ ಒಂದು ಎಡವಟ್ಟಿದೆ. ಹಳೆಯ ತೊಲ ಒಂದು ರೂಪಾಯಿ ತೂಕ, ಅಂದರೆ 11.66 ಗ್ರಾಂ. ಈಗಿನ ಬಾಯಿಮಾತಿನ ತೊಲ ಹತ್ತು ಗ್ರಾಂ. ‘ಇಪ್ಪತ್ತು ತೊಲಿ ತಂಬಗಿ’ ಎಂದು ಅಜ್ಜಿ ಹೇಳಿದ್ದು 233 ಗ್ರಾಂ, ಅಂಗಡಿಯವನ ಕಿವಿಗೆ ಅದು 200 ಗ್ರಾಂ. ಹಳೆಯ ಸಾಮಾನು ಕೊಡುವಾಗ ತೊಲದ ಮಾತೇ ಬೇಡ, ಗ್ರಾಮಿನಲ್ಲಿ ಆಡಬೇಕು.

ಇನ್ನು ಬಿಲ್ಲು. ಗುಳೇದಗುಡ್ಡದಂಥ ಊರುಗಳಲ್ಲಿ ಗಿರಾಕಿ, ಸರಾಫ, ಇಬ್ಬರೂ ತಲೆತಲಾಂತರದಿಂದ ಪರಿಚಯದವರು. ಮಾತು ಸಾಮಾನ್ಯವಾಗಿ ಹೀಗೆ ನಡೆಯುತ್ತದೆ:

‘ಬಿಲ್ಲ್ ಕೊಡ್ರೀ ಅಣ್ಣಾರ.’

‘ಬಿಲ್ಲ್ ಯಾಕ್ರೀ ಅಕ್ಕಾರ, ನಾವೇನು ಊರು ಬಿಟ್ಟು ಹೊಕ್ಕೀವೇನು? ಯಾವಾಗರ ತರ್ರಿ, ನಾವ ಹೊಳ್ಳಿ ತಗೋತೀವಿ.’

ಆ ಮಾತಿನಲ್ಲಿ ಸುಳ್ಳಿಲ್ಲದಿರಬಹುದು. ಆದರೆ ಹೊಳ್ಳಿ ತಗೊಳ್ಳುವಾಗ ಎಷ್ಟು ಟಂಚ್ ಎಂದು ಹಿಡಿಯುತ್ತಾರೆ ಎನ್ನುವುದು ಆ ಮಾತಿನಲ್ಲಿ ಇಲ್ಲ. ಕೊಡುವಾಗ ತೊಂಬತ್ತೆರಡು, ತಗೊಳ್ಳುವಾಗ ಅರವತ್ತು ಎಂದಾದರೆ ಹೇಳುವುದಕ್ಕೆ ಕಾಗದವೇ ಇರುವುದಿಲ್ಲ. ಒಟ್ಟು ತೂಕ, ಹರಳು-ಅರಗು ಕಳೆದ ಬೆಳ್ಳಿಯ ತೂಕ, ಮಟ್ಟ, ಅಂದಿನ ದರ, ಮಜೂರಿ ಬೇರೆ ಬೇರೆ ಸಾಲಿನಲ್ಲಿ ಬರೆದ ಬಿಲ್ಲು ಬೇಕು. ಹಾಲ್‌ಮಾರ್ಕ್ ಇದ್ದ ಸಾಮಾನು ಮುದ್ರೆಯಲ್ಲಿ ಹೇಳಿದ ಮಟ್ಟಕ್ಕಿಂತ ಕಡಿಮೆ ಎಂದು ಪರೀಕ್ಷೆಯಲ್ಲಿ ಗೊತ್ತಾದರೆ, 2018ರ ಬಿಐಎಸ್ ನಿಯಮಗಳ ಪ್ರಕಾರ ಕಡಿಮೆಯಾದ ಬೆಳ್ಳಿಯ ಬೆಲೆಯ ಎರಡು ಪಟ್ಟು ಹಣ ಮತ್ತು ಪರೀಕ್ಷೆಯ ಖರ್ಚು ಗಿರಾಕಿಗೆ ಬರಬೇಕು. ಬಿಲ್ಲಿಲ್ಲದವನಿಗೆ ಅದನ್ನು ಕೇಳುವ ದಾರಿ ಕಷ್ಟ.

ಮುದ್ರೆಯಿಲ್ಲದ ಹಳೆಯ ಬೆಳ್ಳಿಯ ಗತಿ? ಅಜ್ಜನ ಕರಡಿಗೆಗೆ, ಅಜ್ಜಿಯ ಡಾಬಿಗೆ ಹಾಲ್‌ಮಾರ್ಕ್ ಹುಡುಕಿದರೆ ಸಿಗುವುದಿಲ್ಲ, ಸಿಗದ್ದು ದೋಷವೂ ಅಲ್ಲ. ಆ ಕಾಲದಲ್ಲಿ ರೂಪಾಯಿಗಳನ್ನೇ ಪತ್ತಾರನ ಕೈಗಿಟ್ಟು, ಕಣ್ಣೆದುರೇ ಮೂಸೆಯಲ್ಲಿ ಕರಗಿಸಿ ಒಡವೆ ಮಾಡಿಸುತ್ತಿದ್ದ ರೂಢಿಯಿತ್ತು. ಅಂಥವು ತೊಂಬತ್ತೊಂದೂವರೆ ಟಂಚಿನ ಹತ್ತಿರ ನಿಲ್ಲುತ್ತವೆ. 1940ರ ನಂತರದ ರೂಪಾಯಿ ಕರಗಿಸಿದ್ದರೆ ಐವತ್ತಕ್ಕೆ ಇಳಿದಿರುತ್ತವೆ. ಕರಗಿಸಲು ಕೊಡುವ ಮುಂಚೆ ಉಳಿದ ನಾಣ್ಯಗಳ ಇಸವಿಯನ್ನೂ ಓದಿಕೊಳ್ಳಬೇಕು. 1911ರ ರೂಪಾಯಿಗಳಲ್ಲಿ ದೊರೆಯ ಕೊರಳಪಟ್ಟಿಯ ಆನೆಯ ಸೊಂಡಿಲು ಮೋಟಾಗಿ ಬಿದ್ದು, ಅದು ಹಂದಿಯಂತೆ ಕಾಣುತ್ತದೆಂದು ಜನ ಗಲಾಟೆ ಮಾಡಿದ್ದರಿಂದ ಸರ್ಕಾರ ಹಿಂದಕ್ಕೆ ತೆಗೆದುಕೊಂಡಿತ್ತು. 1939ರ ರೂಪಾಯಿಯೂ ಅಪರೂಪ. ಸಂಗ್ರಾಹಕರು ಇವಕ್ಕೆ ಬೆಳ್ಳಿಯ ಬೆಲೆಗಿಂತ ಎಷ್ಟೋ ಪಟ್ಟು ಕೊಡುತ್ತಾರೆ.

ಉಳಿದದ್ದನ್ನು ಕರಗಿಸಲೇಬೇಕೆಂದರೆ, ಒಳಗಿನ ಅರಗು, ದಾರ, ಉಕ್ಕಿನ ಸ್ಪ್ರಿಂಗ್ ತೆಗೆಸಿ ತೂಕ ಬರೆಸಿಕೊಳ್ಳಬೇಕು. ಕುಲುಮೆಯ ಮುಂದೆಯೇ ನಿಲ್ಲಬೇಕು. ಗಟ್ಟಿ ತಣಿದ ಮೇಲೆ ಮತ್ತೆ ತೂಗಿ, ಅದರ ಒಂದು ಮೂಲೆ ಕತ್ತರಿಸಿ ಪರೀಕ್ಷೆ ಮಾಡಿಸಬೇಕು. ಕರಗಿ ಒಂದಾದ ಲೋಹಕ್ಕೆ ಹುಳಿಯಲ್ಲಿ ಬೆಂದ ತೊಗಲು ಉಳಿದಿರುವುದಿಲ್ಲ, ಆಗ ಯಂತ್ರದ ಚೀಟಿಯೂ ಒರೆಗಲ್ಲಿನ ಗೆರೆಯೂ ಒಂದೇ ಮಾತು ಹೇಳುತ್ತವೆ. ಎರಡು ತೂಕ, ಒಂದು ಟಂಚ್, ಅಂದಿನ ದರ, ಈ ನಾಲ್ಕೂ ಒಂದೇ ಕಾಗದದ ಮೇಲೆ ಬಂದ ನಂತರವೇ ಹೊಸ ಕರಡಿಗೆಯ ಮಜೂರಿಯ ಮಾತು.